ಕಂಕುಳಲ್ಲಿಟ್ಟ ಶೀಷೆ

ಶೀಷೆ ಕಂಕುಳಲ್ಲಿತ್ತು. ಎರಡು ಅಂಗಿ, ಉಣ್ಣೆಯ ಸ್ವೆಟರು, ಅದರ ಮೇಲೆ ಕಂಪನಿಯ ಕಿತ್ತಳೆ ಬಣ್ಣದ ದಪ್ಪ ಕೋಟು, ಎಲ್ಲದರ ಒಳಗೆ ಚರ್ಮಕ್ಕೇ ತಾಗುವಂತೆ ಡೆಲ್ಫೀನ್ ಅದನ್ನು ಒತ್ತಿ ಹಿಡಿದಿದ್ದಳು. ಒಂದು ಕಾಲದಲ್ಲಿ ಅಜ್ಜಿ ಬೀಟ್‌ರೂಟಿನ ಉಪ್ಪಿನಕಾಯಿ ತುಂಬಿಡುತ್ತಿದ್ದ ಗಾಜಿನ ಶೀಷೆ. ಈಗ ಅರ್ಧದಷ್ಟು ಮರಳು, ಬಿಗಿ ಮುಚ್ಚಳ. ಒಳಗೆ ಸೇರಿಸಿದ ಕ್ಷಣ ಪಕ್ಕೆಯೆಲ್ಲ ಸೆಟೆದುಕೊಂಡಿತು, ಆಮೇಲೆ ಮರಗಟ್ಟಿತು, ಆಮೇಲೆ ಅಲ್ಲೊಂದು ಶೀಷೆ ಇದೆ ಎನ್ನುವುದೇ ಮರೆಯುವಂತಾಯಿತು. ಹಾಗೆ ಮರೆಯುವಷ್ಟಾದರೆ ಮರಳು ಬೆಚ್ಚಗಾಯಿತು ಎಂದು ಅರ್ಥ. ಹೊರಗೆ ಪೈನ್ ಮರಗಳು ಸಿಡಿಯುವಂಥ ಚಳಿ. ಇಂಥ ಚಳಿಯಲ್ಲಿ ಮೂಗನ್ನು ನಂಬುವವನು ಮೂರ್ಖ. ಡಾಂಬರು ಕರಗಿಸಿ ತೊಳೆದ ಮರಳಲ್ಲಿ ದ್ರಾವಕ ಎಷ್ಟೇ ಉಳಿದಿರಲಿ, ಅದು ಹೆಪ್ಪುಗಟ್ಟಿದ ಕಾಳಿನ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ಮೂಗಿಗೂ ಗೊತ್ತಾಗುವುದಿಲ್ಲ, ಗೋಡೆಯ ಮೇಲಿನ ಮಾಪಕವೂ ಕೂಗಿಕೊಳ್ಳುವುದಿಲ್ಲ. ಬೆಚ್ಚಗಾದ ಮೇಲೇ ಅದರ ಬಣ್ಣ ಬಯಲು. ಇಲ್ಲಿ ಕೆಲಸ ಮಾಡುವ ಅರ್ಧ ಜನ ಇದನ್ನು ಕಲಿತಿರಲಿಲ್ಲ, ಮಿಕ್ಕ ಅರ್ಧ ಜನ ಅವಳ ತಮ್ಮ ಆಂಬ್ರೋಸನ ಕೈ ನೋಡಿದ ಮೇಲೆ ಕಲಿತರು.

ಒಣಗಿಸುವ ಡ್ರಮ್ಮಿನ ಹಿಂದೆ ಯಾರೂ ಇಲ್ಲದ ಮೂಲೆಗೆ ಹೋಗಿ ಅವಳು ಮುಚ್ಚಳ ತಿರುಗಿಸಿದಳು. ವಾಸನೆ ರಪ್ಪೆಂದು ಮುಖಕ್ಕೆ ಹೊಡೆಯಿತು. ಅಗ್ಗದ ರಮ್ಮು ಚೆಲ್ಲಿ ಎರಡು ದಿನ ಬಿಟ್ಟ ಕಂಬಳಿಯ ಹಾಗೆ ಸಿಹಿ, ಹುಳಿ, ಅದರ ಹಿಂದೆ ಸೀಮೆಎಣ್ಣೆಯ ಘಾಟು. ಕಂಪನಿ ಕಟ್ಟಿದ ವೆಂಡಲ್ ಹಾಲ್‌ಸ್ಟ್ರಮ್‌ನ ಸ್ವಂತ ಮಿಶ್ರಣ ಇದು. ಬೇರೆಯವರೆಲ್ಲ ಗಣಿಯಿಂದ ಅಗೆದ ಮರಳಿಗೆ ಬಿಸಿನೀರು ಹಾಕಿ, ಅದಕ್ಕಂಟಿದ ಡಾಂಬರು ಬಿಡಿಸಿ, ಆ ಕೊಳಕು ನೀರಿಗೆ ಕೆರೆಯಷ್ಟು ದೊಡ್ಡ ಹೊಂಡ ತೋಡುತ್ತಾರೆ. ನಾನು ಒಂದು ಹನಿ ನೀರಿಲ್ಲದೆ ಡಾಂಬರನ್ನು ಕರಗಿಸಿ ತೆಗೆದು, ದ್ರಾವಕವನ್ನೆಲ್ಲ ಆವಿಮಾಡಿ ಹಿಂದಕ್ಕೆ ಹಿಡಿದು, ಮಕ್ಕಳು ಆಡುವಂಥ ಮರಳು ಕೊಡುತ್ತೇನೆ ಎಂದು ಅವನು ಹೋದಲ್ಲೆಲ್ಲ ಹೇಳುತ್ತಿದ್ದ. ಪೆಟ್ರೋಲಿನಂಥ ನಾಫ್ತಾ ಎಣ್ಣೆಯ ಜೊತೆಗೆ ಒಂದಿಷ್ಟು ಸ್ಪಿರಿಟ್ಟು ಬೆರೆಸಿದ್ದೇ ತನ್ನ ಜಾಣತನ ಎಂದು ಹೇಳುತ್ತಿದ್ದ. ಡ್ರಮ್ಮಿನ ಬಾಲದ ಕಡೆಯ ಹಬೆಕೊಳವೆ ಬೆಳಗಿನ ಜಾವ ಹೆಪ್ಪುಗಟ್ಟಿರಬೇಕು. ಮರಳು ಅರ್ಧ ಒಣಗಿ ಹೊರಗೆ ಬಿದ್ದಿದೆ. ಅವಳು ಮುಚ್ಚಳ ಹಾಕಿದಳು.

ಹಿಂದಿನಿಂದ ಲಿಯಾಂಡರ್ ಬಂದ. ನ್ಯೂಫೌಂಡ್‌ಲೆಂಡಿನ ಮೀನುಗಾರರ ಮನೆಯವನು, ಸಮುದ್ರ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ತೂಗಾಡುತ್ತಲೇ ನಡೆಯುವವನು. ಪಾಳಿಯಲ್ಲಿ ಅವಳ ಜೊತೆಗಾರ.

"ಏನಂತು ನಿನ್ನ ಶೀಷೆ?"

"ಏನೂ ಅನ್ನಲಿಲ್ಲ."

"ಹಂಗಾದ್ರೆ ಸರಿ ಬಿಡು ತಾಯಿ. ನಿನ್ನ ಕಂಕುಳು ಪಾಸು ಮಾಡಿದ ಮೇಲೆ ಇನ್ಯಾರ ಸಹಿ ಬೇಕು," ಎಂದು ನಕ್ಕು ಅವನು ಹೊರಟುಹೋದ.

ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡು ಓಡಾಡಿದ್ದಳೇನೋ. ಮಧ್ಯಾಹ್ನ ಕ್ಯಾಲ್ಗರಿಯಿಂದ ಅತಿಥಿಗಳು ಬರುತ್ತಾರೆ. ವೆಂಡಲ್ ಯಾವಾಗಿನ ಹಾಗೆ ಊಟದ ಕೋಣೆಯಲ್ಲಿ ಎಲ್ಲರ ಎದುರು ಬರಿಗೈಯಲ್ಲಿ ಒಂದು ಮುಷ್ಟಿ ಮರಳು ಎತ್ತುತ್ತಾನೆ, ಮೂಗಿನ ಹತ್ತಿರ ಹಿಡಿದು ಆಹಾ ಎನ್ನುತ್ತಾನೆ, ಆಮೇಲೆ ಇನ್ನೊಂದು ಕೈಯ ಉಗುರಿನಿಂದ ಬೆಂಕಿಕಡ್ಡಿ ಗೀರಿ ಮರಳಿನೊಳಕ್ಕೆ ಚುಚ್ಚುತ್ತಾನೆ. ಕಡ್ಡಿ ಚುಸ್ಸೆಂದು ಆರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಈ ಒಂದು ಆಟವೇ ಅವನ ಜೀವನ. ಇವತ್ತು ಆ ಕಡ್ಡಿ ಆರುವುದಿಲ್ಲ. ಅವಳು ಏನೂ ಮಾಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತರೆ ಸಾಕು. ಇಷ್ಟು ಸುಲಭದ ಕೆಲಸವನ್ನು ದೇವರು ಜನ್ಮದಲ್ಲಿ ಅವಳಿಗೆ ಕೊಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಆಂಬ್ರೋಸನಿಗೆ ಅಂದದ್ದೂ ಇಷ್ಟೇ ಸುಲಭದ ಮಾತು. ಅತಿಥಿಗಳ ಕೈ ಮರಗಟ್ಟಬಾರದು, ಬಕೆಟ್ಟನ್ನು ಒಳಗೆ ತಂದು ಹೀಟರಿನ ಹತ್ತಿರ ಸ್ವಲ್ಪ ಬೆಚ್ಚಗೆ ಮಾಡಿಡಪ್ಪ ಎಂದು ವೆಂಡಲ್ ಅಂದ. ತಮ್ಮನೋ, ಹೇಳಿದ ಕೆಲಸ ಮಾಡುವವನು. ಅತಿಥಿಗಳಿಗೆಂದು ಹಾಕಿದ್ದ ಡೇರೆಯೊಳಗೆ ಗ್ಯಾಸಿನ ಹೀಟರಿನ ಪಕ್ಕ ಬಕೆಟ್ಟು ಇಟ್ಟ, ಸಮನಾಗಿ ಬೆಚ್ಚಗಾಗಲಿ ಎಂದು ಬಗ್ಗಿ ಎರಡೂ ಕೈಯಿಂದ ಮರಳನ್ನು ಮೊಗೆದು ಮೊಗೆದು ಮಗುಚಿದ. ಮರಳಿಂದೆದ್ದ ಆವಿಗೆ ಹೀಟರಿನ ಉರಿ ಹಿಡಿಯಿತು. ಅವಳು ಓಡಿಬರುವಷ್ಟರಲ್ಲಿ ಅವನು ಹಿಮದ ಮೇಲೆ ಮೊಣಕಾಲೂರಿ ಕೈಗಳನ್ನು ಹಿಮದೊಳಗೆ ಹೂತು ಕೂತಿದ್ದ, ಗದ್ದದ ಮೇಲಿನ ಕೂದಲು ಹೊಗೆಯಾಡುತ್ತಿತ್ತು, ಅಕ್ಕ ನಾನು ಏನೂ ಮಾಡಲಿಲ್ಲ ಎಂದ. ಆ ಸಂಜೆ ಕ್ಯಾಂಟೀನಿನಲ್ಲಿ ಎಲ್ಲರೂ ಕೂತಿದ್ದಾಗ ವೆಂಡಲ್ ಟೋಪಿ ತೆಗೆದು, ತಲೆ ತಗ್ಗಿಸಿ, ಸಾವಿನ ಮನೆಯ ದನಿಯಲ್ಲಿ ಹೇಳಿದ: ಅವನ ಮೈಯಿಂದ ವಾಸನೆ ಬರುತ್ತಿತ್ತು, ಎಂಥ ವಾಸನೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೇಕಾಗಿರಲಿಲ್ಲ. ನದಿಯಾಚೆಯ ಮೇಟಿ ಜನರ, ಮೂಲನಿವಾಸಿಗಳಿಗೂ ಬಿಳಿಯರಿಗೂ ಹುಟ್ಟಿದ ಕುಲದ, ಹುಡುಗನ ಮೈಯಿಂದ ಇನ್ನೆಂಥ ವಾಸನೆ ಬರಲು ಸಾಧ್ಯ? ಎಲ್ಲರೂ ಪಾಪ ಎಂದು ತಲೆಯಾಡಿಸಿದರು. ತಲೆಯಾಡಿಸಿದವರಲ್ಲಿ ಮುಕ್ಕಾಲುಪಾಲು ಜನ ಆಗಲೇ ಎರಡನೇ ಬಿಯರು ತೆರೆದಿದ್ದರು. ಅಪ್ಪ ಕುಡಿದು ಕುಡಿದು ನದಿಯ ಮಂಜಿನ ಮೇಲೆ ಮಲಗಿ ಸತ್ತದ್ದನ್ನು ಕಂಡಂದಿನಿಂದ ಆಂಬ್ರೋಸ್ ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಪಕ್ಕಕ್ಕಿಡುವವನು ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಗರಜೂ ಇರಲಿಲ್ಲ.

ಅವಳು ಡ್ರಮ್ಮಿನ ಸುತ್ತ ಓಡಾಡುತ್ತ ಮಾಪಕಗಳನ್ನು ನೋಡಿದಂತೆ ಮಾಡಿದಳು. ಒಂದೊಂದು ಮುಳ್ಳೂ ಅದರದರ ಜಾಗದಲ್ಲಿ ಸಾಧುವಿನಂತೆ ನಿಂತಿತ್ತು. ಈಗಲೂ ಹೋಗಿ ಹೇಳಬಹುದು. ಹೇಳಿದರೆ ಏನಾಗುತ್ತದೆ? ಶಭಾಷ್ ಡೆಲ್ಫೀನ್ ಎಂದು ಬೆನ್ನು ತಟ್ಟುತ್ತಾನೆ, ನಿನ್ನೆಯ ರಾಶಿಯಿಂದ ಮರಳು ತರಿಸುತ್ತಾನೆ, ಚಪ್ಪಾಳೆ ಬೀಳುತ್ತದೆ. ಅವನು ತಟ್ಟುವ ಬೆನ್ನು ನೆನೆದು ಅವಳಿಗೆ ಮೈಯೆಲ್ಲ ಮುಳ್ಳೆದ್ದಿತು. ಆಸ್ಪತ್ರೆಯ ಬ್ಯಾಂಡೇಜು ಬಿಚ್ಚಿದ ಮೇಲೆ ಊರಿನ ಒಳ್ಳೆಯ ಜನ ಮನೆಗೆ ಬಂದಿದ್ದರು. ಅವರ ಒಳ್ಳೆಯತನವೇ ಹೆಚ್ಚು ಸುಟ್ಟದ್ದು. ಚರ್ಚಿನ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರ ಸಭೆ ಇದೆ, ಸುಮ್ಮನೆ ಬಂದು ಕೂತ್ಕೋ, ಯಾರೂ ಬಲವಂತ ಮಾಡಲ್ಲ ಎಂದು ಕರೆದರು. ಇಲ್ಲ ಎನ್ನಲಾರದ ಆಂಬ್ರೋಸ್ ಹೋದ. ಅವಳೇ ಕಾರಿನಲ್ಲಿ ಬಿಟ್ಟಳು, ಅವಳೇ ಹಿಂದಿನ ಕುರ್ಚಿಯಲ್ಲಿ ಕೂತಳು. ಒಬ್ಬೊಬ್ಬರೇ ಎದ್ದು ಹೇಳಿಕೊಂಡರು. ಇವನ ಸರದಿ ಬಂದಾಗ ಎಲ್ಲರೂ ಎಷ್ಟು ಪ್ರೀತಿಯಿಂದ ಕಾದರು ಎಂದರೆ, ಎಷ್ಟು ಹೊತ್ತು ಕಾದರು ಎಂದರೆ, ಅವನು ಬೆವರಿ, ಅಕ್ಕನ ಕಡೆಗೊಮ್ಮೆ ನೋಡಿ, ನಾನು ಆಂಬ್ರೋಸ್, ನಾನೊಬ್ಬ ಕುಡುಕ ಎಂದುಬಿಟ್ಟ. ತಬ್ಬಿಕೊಂಡರು, ಅತ್ತರು, ಕುಡಿತ ಬಿಟ್ಟ ಗುರುತಿಗೆ ಒಂದು ಹಿತ್ತಾಳೆಯ ಬಿಲ್ಲೆ ಕೊಟ್ಟರು. ಹಿಂದಕ್ಕೆ ಬರುವಾಗ ಕಾರಿನಲ್ಲಿ ಅವನು, ಅವರಿಗೆ ಬೇಜಾರಾಗ್ತಿತ್ತು ಕಣಕ್ಕ ಎಂದ. ಬಿಲ್ಲೆ ಈಗಲೂ ಅಡಿಗೆಮನೆಯ ಕಿಟಕಿಯ ಕಟ್ಟೆಯ ಮೇಲಿದೆ. ದಿನಾ ಪಾತ್ರೆ ತೊಳೆಯುವಾಗ ಅವಳ ಕಣ್ಣಿಗೆ ಬೀಳುತ್ತದೆ. ತಮ್ಮ ಕ್ಷಮಿಸಿದ್ದಾನೆ, ಅವನ ಸ್ವಭಾವವೇ ಅಂಥದ್ದು, ಹಾಗಾಗಿ ಅವನ ಪಾಲಿನ ದ್ವೇಷವನ್ನೂ ತಾನೇ ಹೊತ್ತಿದ್ದೇನೆ ಎಂದು ಅವಳು ತಿಳಿದಿದ್ದಳು.

ಶೀಷೆಯ ಉಪಾಯ ಅಜ್ಜಿಯಿಂದ ಬಂದದ್ದು. ಬೇಸಿಗೆಯಲ್ಲಿ ನದಿಯ ದಂಡೆಯಿಂದ ಡಾಂಬರು ತಾನಾಗಿಯೇ ಇಳಿದು ಬರುತ್ತಿತ್ತು. ಅಜ್ಜಿ ಅದನ್ನು ಕೆರೆದು ತಂದು, ಸ್ಪ್ರೂಸ್ ಮರದ ಅಂಟಿನ ಜೊತೆ ಕಾಯಿಸಿ ದೋಣಿಯ ಬಿರುಕಿಗೆ ಮೆತ್ತುತ್ತಿದ್ದಳು. ಮೆತ್ತುವ ಮೊದಲು ಒಂದು ಉಂಡೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು ಊರ ಪಂಚಾಯಿತಿಯೆಲ್ಲ ಮಾತಾಡುತ್ತ ಕೂತಿರುತ್ತಿದ್ದಳು. ತಣ್ಣಗಿದ್ದಾಗ ಎಲ್ಲವೂ ಒಳ್ಳೆಯದಾಗೇ ಕಾಣುತ್ತೆ ಮಗ, ಬೆಚ್ಚಗಾದ ಮೇಲೆ ಏನಾಗುತ್ತೆ ನೋಡಬೇಕು ಎನ್ನುತ್ತಿದ್ದಳು. ಅಜ್ಜಿ ಹಾಗೆ ಹೇಳಿದ್ದು ಡಾಂಬರಿಗೆ. ಡೆಲ್ಫೀನ್ ತನ್ನನ್ನೇ ಒಮ್ಮೆ ಮೂಸಿ ನೋಡಿಕೊಳ್ಳಬೇಕು ಅನಿಸಿ ಹೆದರಿದಳು. ಇವತ್ತಿನವರೆಗೆ ಅವಳೂ ತಣ್ಣಗೇ ಇದ್ದಳು. ಆರು ಗಂಟೆಗೆ ಎದ್ದು, ಬ್ಯಾನಕ್ ರೊಟ್ಟಿ ಸುಟ್ಟು, ತಮ್ಮನ ಬಾಯಿಗೆ ತುತ್ತು ಕೊಟ್ಟು, ಬಂದು ವೆಂಡಲ್‌ಗೆ ಗುಡ್ ಮಾರ್ನಿಂಗ್ ಹೇಳಿದ್ದಳು.

ಅತಿಥಿಗಳ ಬಿಳಿ ವ್ಯಾನು ಬಂತು. ಐದಾರು ಜನ, ಎಲ್ಲರಿಗೂ ಮಡಿಕೆ ಮಾಸದ ಹೊಸ ಕೋಟು. ಕೊನೆಗೆ ವೆಂಡಲ್ ಇಳಿದ. ಅವನ ಬಲಗೈ ಕುತ್ತಿಗೆಯಿಂದ ಜೋಳಿಗೆಯಲ್ಲಿ ತೂಗುತ್ತಿತ್ತು. ಮಂಜುಗಡ್ಡೆಯ ಮೇಲಿನ ಹಾಕಿ ಆಟ ಆಡಲು ಹೋಗಿ ಮಣಿಕಟ್ಟು ಮುರಿದುಕೊಂಡನಂತೆ, ಐವತ್ತೆಂಟರಲ್ಲಿ ಹುಡುಗಾಟ ಎಂದು ತಾನೇ ನಗುತ್ತಿದ್ದ. ಎಲ್ಲರೂ ನಕ್ಕರು. ಡೆಲ್ಫೀನ್‌ಗೆ ನಗು ಅರ್ಧಕ್ಕೇ ನಿಂತಿತು. ಒಂದು ಕೈಯಲ್ಲಿ ಮರಳು ಹಿಡಿಯುತ್ತಾನೆ. ಕಡ್ಡಿ ಗೀರುವವರು ಯಾರು?

ಲಿಯಾಂಡರ್ ಬಕೆಟ್ಟು ಎತ್ತಿಕೊಂಡು ಊಟದ ಕೋಣೆಯ ಕಡೆಗೆ ಹೊರಟಿದ್ದ. ಅದೆಲ್ಲ ಬೇಡ, ಜಗುಲಿಯಲ್ಲೇ ಬಿಡು, ಒಂದು ಬೋಗುಣಿ ಸಾಕು, ನೆಲವೆಲ್ಲ ಗಲೀಜಾಗುತ್ತೆ ಎಂದು ಅವಳು ತಡೆದಳು. ಮನೆಗೆಲಸ ತಿಳಿದ ಹೆಂಗಸಿನ ಮಾತು. ಬಕೆಟ್ಟಿನ ಮುಚ್ಚಳವನ್ನು ತಾನೇ ಎರಡು ಸಲ ಒತ್ತಿ ನೋಡಿದಳು. ಉಳಿದವರಿಗೆ ಏನೂ ಆಗಬಾರದು, ಒಂದು ಕೈ, ಹೆಚ್ಚೆಂದರೆ ಸ್ವಲ್ಪ ಗದ್ದ, ಅಷ್ಟು ಸಾಕು. ಅಷ್ಟನ್ನು ಇಷ್ಟು ಅಚ್ಚುಕಟ್ಟಾಗಿ ಅಳೆಯುತ್ತಿರುವವಳು ಯಾರು ಎಂದು ಒಳಗೊಂದು ದನಿ ಕೇಳಿತು. ಕೇಳಲಿ ಬಿಡು ಎಂದುಕೊಂಡಳು.

ಊಟದ ಕೋಣೆ ಬಿಸಿಯಾಗಿತ್ತು. ಮೂಸ್ ಜಿಂಕೆಯ ಮಾಂಸದ ಸಾರು, ಬೆಣ್ಣೆ ಸವರಿದ ಬನ್ನು, ಕಾಫಿ. ವೆಂಡಲ್ ಮಾತಾಡುತ್ತಲೇ ಇದ್ದ. ಹೊಂಡವಿಲ್ಲದ ಗಣಿ, ನೀರಿಲ್ಲದ ತೊಳೆತ, ಮೊಮ್ಮಕ್ಕಳಿಗೆ ಬಿಟ್ಟುಹೋಗುವ ನೆಲ. ಬೋಗುಣಿ ಮೇಜಿನ ಮೇಲೆ ಮುಚ್ಚಿಕೊಂಡು ಕೂತಿತ್ತು. ಆಮೇಲೆ ಅವನು ಎಡಗೈಯ ತೋಳು ಮಡಚಿ ಮರಳು ಎತ್ತಿ, ಮೂಗಿನ ಹತ್ತಿರ ಹಿಡಿದು ಆಹಾ ಎಂದ. ಮರಳಿನ್ನೂ ತಣ್ಣಗಿತ್ತು.

"ಲಿಯಾಂಡರ್, ಬಾರಯ್ಯ ಇಲ್ಲಿ. ಇವತ್ತು ನನ್ನ ಬಲಗೈ ನೀನೇ."

ಲಿಯಾಂಡರ್ ಮೀಸೆ ಒರೆಸಿಕೊಂಡು ಎದ್ದ. ಮೂರು ಹೆಣ್ಣುಮಕ್ಕಳ ತಂದೆ, ಮರಳಿನ ಮೇಲೆ ಬಗ್ಗಿ ಕಡ್ಡಿ ಚುಚ್ಚುವವನು ಅವನೇ ಆಗುತ್ತಾನೆ, ಅವಳ ಕಂಕುಳನ್ನು ನಂಬಿಕೊಂಡು. ಅವಳ ಬಾಯಿ ಅವಳನ್ನು ಕೇಳದೆ ತೆರೆಯಿತು. ನಾನು ಹಚ್ಚುತ್ತೇನೆ ಎಂದಳು. ಎಲ್ಲರೂ ತಿರುಗಿದರು. ವೆಂಡಲ್‌ನ ಮುಖ ಅರಳಿತು. ಕಿತ್ತಳೆ ಕೋಟಿನ ಮೇಟಿ ಹೆಂಗಸು ಕಂಪನಿಯ ಕಡ್ಡಿ ಗೀರುವುದು, ಇದಕ್ಕಿಂತ ಒಳ್ಳೆಯ ಚಿತ್ರ ಅತಿಥಿಗಳಿಗೆ ಇನ್ನೆಲ್ಲಿ ಸಿಕ್ಕೀತು. ಅವನು ದನಿ ತಗ್ಗಿಸಿ ಅವರಿಗೆ ಪರಿಚಯ ಹೇಳಿದ: ಈಕೆ ಡೆಲ್ಫೀನ್, ಈ ನದಿಯ ಮಗಳು. ಈಕೆಯ ತಮ್ಮನೂ ನಮ್ಮಲ್ಲೇ ಇದ್ದ, ಪಾಪ, ಕುಡಿತದಿಂದ ಹಾಳಾದ. ಆದರೆ ನಾವು ಈಕೆಯ ಕೈ ಬಿಡಲಿಲ್ಲ.

ಅವಳು ಕಡ್ಡಿಪೆಟ್ಟಿಗೆ ತೆಗೆದುಕೊಂಡಳು. ಒಂದು ಕಡ್ಡಿ ತೆಗೆದು ಪೆಟ್ಟಿಗೆಯ ಪಕ್ಕಕ್ಕೆ ತಾಗಿಸಿ ಹಿಡಿದಳು.

"ಮುಷ್ಟಿ ಮುಚ್ಕೊಳಿ ವೆಂಡಲ್. ಸ್ವಲ್ಪ ಬೆಚ್ಚಗಾಗಲಿ."

ಅದು ಆಟದ ಹೊಸ ಭಾಗ ಎಂದುಕೊಂಡು ಅವನು ನಗುತ್ತ ಮುಚ್ಚಿದ. ಅವಳು ಕಾದಳು. ಜನ ಕಾದರು. ಕಾಫಿಯ ಯಂತ್ರ ಬುಸುಗುಟ್ಟಿತು. ಅವನು ಇನ್ನೊಂದು ತಮಾಷೆ ಹೇಳಿದ, ಅರ್ಧದಲ್ಲಿ ನಿಲ್ಲಿಸಿದ. ಅವನ ಮೂಗಿನ ಹೊಳ್ಳೆ ಅಗಲವಾಯಿತು. ಬೆರಳ ಸಂದಿಯಿಂದ ಅದು ಎದ್ದು ಬರುತ್ತಿತ್ತು, ಮೊದಲು ಸಿಹಿಯಾಗಿ, ಆಮೇಲೆ ಹುಳಿಯಾಗಿ. ಕ್ಯಾಲ್ಗರಿಯ ಒಬ್ಬಳು ಎಳೆಯ ಹುಡುಗಿ ಮೂಗಿಗೆ ಕರವಸ್ತ್ರ ಹಿಡಿದು ಪಕ್ಕದವನಿಗೆ ಪಿಸುಗುಟ್ಟಿದ್ದು ಕೋಣೆಗೆಲ್ಲ ಕೇಳಿಸಿತು: "ಇಲ್ಯಾರೋ ಕುಡಿದು ಬಂದಿದಾರೆ."

"ಕೇಳಿದ್ರಲ್ಲ," ಎಂದಳು ಡೆಲ್ಫೀನ್. "ಆ ಮಗೂನ ನಾನು ಬಯ್ಯಲ್ಲ. ಅವಳು ಇವತ್ತು ಬಂದೋಳು. ಈ ದ್ರಾವಕ ಕಲಸಿದೋರು ನೀವು, ಇದರ ವಾಸನೆ ನಿಮಗೆ ಗೊತ್ತು."

ಅವನ ಹಣೆಯ ಮೇಲೆ ಬೆವರು ಕಾಣಿಸಿತು. ಕೈ ತೆರೆದರೆ ಎಲ್ಲರಿಗೂ ಗೊತ್ತಾಗುತ್ತದೆ, ಮುಚ್ಚಿಕೊಂಡಷ್ಟೂ ಬೆಚ್ಚಗಾಗುತ್ತದೆ. ಬಲಗೈ ಜೋಳಿಗೆಯಲ್ಲಿ. ಅವನ ಕಣ್ಣು ಕಡ್ಡಿಯ ಕೆಂಪು ತಲೆಯ ಮೇಲೆ ನೆಟ್ಟಿತ್ತು. ಇಂಥ ನೋಟವನ್ನು ಅವಳು ಅವನ ಮುಖದಲ್ಲಿ ಎಂದೂ ಕಂಡಿರಲಿಲ್ಲ; ಕಂಡು ಅವಳಿಗೆ ಹೊಟ್ಟೆ ತುಂಬ ಉಂಡಷ್ಟು ಸುಖವಾಯಿತು. ನಾಚಿಕೆಯಿಲ್ಲದ ಸುಖ.

"ಡೆಲ್ಫೀನ್. ಒಳಗೆ ಆಫೀಸಲ್ಲಿ ಮಾತಾಡೋಣಮ್ಮ."

"ಇಲ್ಲೇ ಹೇಳಿ. ನನ್ನ ತಮ್ಮ ಕುಡಿದಿದ್ನಾ?"

"ಇಲ್ಲ."

"ಹಿಂದೆ ಕೂತೋರಿಗೆ ಕೇಳಲಿಲ್ಲ."

"ಕುಡಿದಿರ್ಲಿಲ್ಲ. ಮರಳಲ್ಲಿ ದ್ರಾವಕ ಉಳಿದಿತ್ತು. ಬಕೆಟ್ಟು ಒಳಗೆ ತಗೊಂಡು ಬಾ ಅಂದಿದ್ದು ನಾನು. ವಾಸನೆ ಇದರದ್ದೇ ಅಂತ ನನಗೆ ಅವತ್ತೇ ಗೊತ್ತಿತ್ತು."

ಆಯಿತು. ಎರಡು ವರ್ಷದಿಂದ ಪಾತ್ರೆ ತೊಳೆಯುವಾಗೆಲ್ಲ ಕೇಳಬೇಕೆಂದಿದ್ದ ಮಾತು, ಅಕ್ಷರ ಬಿಡದೆ ಕೇಳಿದ್ದಾಯಿತು. ಈಗ ಎದೆ ಹಗುರವಾಗಬೇಕು ಎಂದು ಅವಳು ಕಾದಳು. ಆಗಲಿಲ್ಲ. ಬೇಕಾದ್ದು ಈ ಮಾತಲ್ಲವೇ ಅಲ್ಲ, ಬೇಕಾದ್ದು ಆ ಮುಷ್ಟಿ ಎಂದು ಹೆಬ್ಬೆರಳಿಗೆ ಗೊತ್ತಿತ್ತು; ಅದು ಕಡ್ಡಿಯನ್ನು ಪೆಟ್ಟಿಗೆಗೆ ಇನ್ನಷ್ಟು ಒತ್ತಿತು. ಒಂದು ಗೀರು. ಇವನೂ ಹಿಮದಲ್ಲಿ ಕೈ ಹೂತು ಕೂರಲಿ, ಇವನ ಬಾಯಿಗೂ ಯಾರಾದರೂ ತುತ್ತು ಕೊಡಲಿ. ತಪ್ಪೊಪ್ಪಿಕೊಂಡವನನ್ನು ಬಿಟ್ಟುಬಿಡಬೇಕೆಂದು ಯಾರು ಹೇಳಿದ್ದು? ಹೇಳಿದವರ ತಮ್ಮಂದಿರಿಗೆಲ್ಲ ಹತ್ತು ಬೆರಳಿದ್ದವು. ಪಕ್ಕದಲ್ಲಿ ಲಿಯಾಂಡರ್ ನಿಂತಿದ್ದ. ಅವನು ತಡೆಯಲು ಬಂದಿರಲಿಲ್ಲ, ಕೈಯನ್ನೂ ಚಾಚಲಿಲ್ಲ. ಅವಳಿಗೆ ಮಾತ್ರ ಕೇಳುವಂತೆ, "ನಂಗೂ ಸುಳ್ಳು ಹೇಳಿದೆಯಲ್ಲ ತಾಯಿ," ಎಂದ, ಅಷ್ಟೇ.

ಅವಳು ಕಡ್ಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಬೋಗುಣಿಯನ್ನು ವೆಂಡಲ್‌ನ ಮುಷ್ಟಿಯ ಕೆಳಗೆ ಹಿಡಿದಳು. ಅವನು ಕೈ ಬಿಟ್ಟ. ಅಂಗೈಗೆ ಅಂಟಿದ್ದನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಅವಳು ಬೋಗುಣಿ ಎತ್ತಿಕೊಂಡು ಹೋಗಿ ಹಿಮದ ಮೇಲೆ ಸುರಿದು, ಟೋಪಿ ಮತ್ತು ಗುರುತಿನ ಚೀಟಿಯನ್ನು ಗೇಟಿನ ಮೊಳೆಗೆ ನೇತುಹಾಕಿ ಕಾರು ಹತ್ತಿದಳು. ಕೆಲಸ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮನೆಗೆ ಬಂದಾಗ ಆಂಬ್ರೋಸ್ ಕಿಟಕಿಯ ಹತ್ತಿರ ಕೂತು ರೇಡಿಯೋ ಕೇಳುತ್ತಿದ್ದ. ಇಷ್ಟು ಬೇಗ ಯಾಕೆ ಬಂದೆ ಎಂದು ಕೇಳಿದ. ಅವಳು ಕೋಟು ಬಿಚ್ಚದೆ ಎಲ್ಲವನ್ನೂ ಹೇಳಿದಳು, ಶೀಷೆಯಿಂದ ಹಿಡಿದು. ಸುಳ್ಳನ್ನೂ ಹೇಳಿದಳು, ಬೋಗುಣಿಯ ಲೆಕ್ಕಾಚಾರವನ್ನೂ ಹೇಳಿದಳು. ಅವನು ಬೆಂದು ಬೆಸೆದುಕೊಂಡ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡ. ಎಲ್ಲರಿಗೂ ಕೇಳಿಸಿತಾ ಎಂದ. ಎಲ್ಲರಿಗೂ ಎಂದಳು. ನೀನು ಹೀಗೆಲ್ಲ ಮಾಡಬಾರದಿತ್ತು ಎಂದು ಅವನು ಅನ್ನುತ್ತಾನೆ, ಆಗ ತಾನು ಅಳಬಹುದು ಎಂದು ಅವಳು ಕಾಯುತ್ತಿದ್ದಳು. ಜೇಬಿನಿಂದ ಕಡ್ಡಿ ತೆಗೆದು ಮೇಜಿನ ಮೇಲಿಟ್ಟಳು. ಅವನು ಅದನ್ನು ಎರಡು ಕೈಗಳ ಅಂಚಿನಿಂದ ಒತ್ತಿ ಹಿಡಿದು ಎತ್ತಿ ತಿರುಗಿಸಿ ನೋಡಿದ.

"ಅವನು ಗ್ಲೌಸು ಹಾಕಿದ್ನಾ?"

"ಇಲ್ಲ. ಬರಿಗೈ."

ಅವನು ಕಿಟಕಿಯ ಕಟ್ಟೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಒಮ್ಮೆ ನೋಡಿದ.

"ಹಚ್ಚಬೇಕಿತ್ತು ಕಣಕ್ಕ," ಎಂದ.

ಅವಳು ಅವನ ಮುಖ ನೋಡಿದಳು. ಎರಡು ವರ್ಷ ಒಂದೇ ಮೇಜಿನಲ್ಲಿ ಕೂತು ತುತ್ತು ಕೊಟ್ಟ ಮುಖ. ಇಷ್ಟು ದಿನ ಈ ಸಿಟ್ಟು ಎಲ್ಲಿತ್ತು, ಒಬ್ಬನೇ ಹೇಗೆ ಹಿಡಿದಿಟ್ಟುಕೊಂಡಿದ್ದ? ಅವಳು ಅವನ ಕೈಗಳ ನಡುವಿನಿಂದ ಕಡ್ಡಿ ತೆಗೆದುಕೊಂಡು ಒಲೆಯ ಕಲ್ಲಿಗೆ ಗೀರಿದಳು. ಚಹಾಕ್ಕೆ ಒಲೆ ಹಚ್ಚುವುದಕ್ಕೆಂದೇ ಗೀರಿದ್ದು; ಆದರೆ ಒಲೆಯ ಕಡೆಗೆ ಕೈ ಹೋಗಲಿಲ್ಲ. ಇಬ್ಬರೂ ಉರಿ ನೋಡುತ್ತ ಕೂತರು. ಅದು ಕಡ್ಡಿಯನ್ನು ಕಪ್ಪು ಮಾಡುತ್ತ, ಬಗ್ಗಿಸುತ್ತ ಕೆಳಗಿಳಿದು ಬಂದು ಅವಳ ಉಗುರಿಗೆ ತಾಗಿತು.

"ಬಿಡಕ್ಕ, ಕೈ ಸುಡುತ್ತೆ," ಎಂದ ಆಂಬ್ರೋಸ್.

ಅವಳು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು.